ಬಾರದ ಬಾಡಿಗೆಯ ಮೇಲಿನ ತೆರಿಗೆ

ಮನೆಯ ಒಡೆಯನ ಆದಾಯ ತೆರಿಗೆಯು ಅವನ ಕೈಸೇರಿದ ಬಾಡಿಗೆಯ ಮೇಲಿನದೆಂಬುದು ಸಾಮಾನ್ಯ ತಿಳಿವಳಿಕೆ. 1922ರ ಆದಾಯ ತೆರಿಗೆ ಶಾಸನವನ್ನು ಪರಿಶೀಲಿಸಿದರೆ ನಮಗೆ ಬೇರೊಂದು ಸಂಗತಿ ಗೋಚರಿಸುತ್ತದೆ. ಅದರ 9ನೆಯ ಪ್ರಕರಣವು ತೆರಿಗೆ ವಿಧಿಸಿದ್ದು ಕಟ್ಟಡದ 'ವಾರ್ಷಿಕ ಮೌಲ್ಯ'ದ ಮೇಲೆ; ಎಂದರೆ, ವರ್ಷದಿಂದ ವರ್ಷಕ್ಕೆ ಬಾಡಿಗೆಗೆ ಕೊಟ್ಟರೆ ನ್ಯಾಯವಾಗಿ ನಿರೀಕ್ಷಿಸಬಹುದಾದ ಮೊತ್ತದ ಮೇಲೆ. ದುರಸ್ತಿಯ ಹೊಣೆಯು ಒಡೆಯನದಾದರೆ ಆರರಲ್ಲೊಂದು ಪಾಲನ್ನು ಕಳೆಯುತ್ತಿದ್ದರು. ಅವನು ಆ ವರ್ಷ ಸುಣ್ಣ ಬಳಿಸಿದನೋ ಇಲ್ಲವೋ ಎಂಬುದು ಲೆಕ್ಕಕ್ಕಿರಲಿಲ್ಲ.

'ನಿರೀಕ್ಷೆ' ಎಂಬ ಈ ಒಂದು ಪದವೇ ಮುಂದಿನ ವ್ಯಾಜ್ಯಗಳಿಗೆ ಬೀಜವೆಂದು ನಮ್ಮ ಅಭಿಪ್ರಾಯ. 1961ರ ಆದಾಯ ತೆರಿಗೆ ಶಾಸನವೂ ಅದನ್ನು ಉಳಿಸಿಕೊಂಡಿತು. ಅದೇ ವರ್ಷ ಮೈಸೂರು ರಾಜ್ಯವು ಬಾಡಿಗೆ ನಿಯಂತ್ರಣ ಶಾಸನವನ್ನು ಮಾಡಿತು. ಇತರ ಪ್ರಾಂತಗಳಲ್ಲಿಯೂ ಅಂತಹವು ಇದ್ದವು. ಒಂದು ಶಾಸನವು ಬಾಡಿಗೆಗೆ ಮಿತಿ ಕಟ್ಟಿರಲು, ಇನ್ನೊಂದು ಪೇಟೆಯ ದರವನ್ನು ಊಹಿಸಿ ತೆರಿಗೆ ಕೇಳಬಹುದೆ? ದೆಹಲಿಯ ಪುರಸಭಾ ತೆರಿಗೆಯ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 1979ರಲ್ಲಿ, ನಿಯಂತ್ರಣಾಧಿಕಾರಿಯು ಬಾಡಿಗೆಯನ್ನು ಗೊತ್ತುಪಡಿಸಿರದಿದ್ದರೂ ಶಾಸನದ ಮಿತಿಯನ್ನು ಮೀರಿ ಮೌಲ್ಯ ಕಟ್ಟಲಾಗದೆಂದಿತು. 1981ರಲ್ಲಿ ಆದಾಯ ತೆರಿಗೆಗೂ ಅದನ್ನೇ ಅನ್ವಯಿಸಿತು. ಅಷ್ಟರಲ್ಲಿ, ಬಂದ ಬಾಡಿಗೆಯು ನಿರೀಕ್ಷಿತ ಮೊತ್ತಕ್ಕಿಂತ ಹೆಚ್ಚಾದಲ್ಲಿ ಹೆಚ್ಚಿನದನ್ನೇ ಹಿಡಿಯತಕ್ಕದ್ದೆಂದು 1975ರ ತಿದ್ದುಪಡಿಯು ವಿಧಿಸಿಯಾಗಿತ್ತು.