ಸುಣ್ಣದ ಬಾಗಿಲು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳು ಸುಣ್ಣಕಲ್ಲಿನ ಸೀಮೆ. ಶಹಾಬಾದಿನ ಪರಸಿಯಲ್ಲಿಯೂ ವಾಡಿಯ ಸಿಮೆಂಟಿನಲ್ಲಿಯೂ ಇರುವ ಧಾತು ಕ್ಯಾಲ್ಸಿಯಂ. ನಮ್ಮ ಎಲುಬಿನಲ್ಲಿರುವುದೂ ಅದೇ. ಗುಂಡಿಗೆಯನ್ನು ಮಿಡಿಸುವುದೂ ಅದೇ ಎಂಬುದು ತಿಳಿದುಬಂದ ಬಗೆ ಸ್ವಾರಸ್ಯವಾದುದು.

ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಪರೀಕ್ಷಿಸುತ್ತಿದ್ದನು. ನಲ್ಲಿಯ ನೀರಿನಿಂದ ಮಾಡಿದ ದ್ರವದಲ್ಲಿ ಅದು ಮಿಡಿಯಿತು. ಬಟ್ಟಿಯಿಳಿಸಿದ ನೀರಿನದರಲ್ಲಿ ಬೇಗನೆ ನಿಂತಿತು. ನಲ್ಲಿಯ ನೀರಿನಲ್ಲಿ ಕರಗಿದ್ದ ಸುಣ್ಣದಂಶವೇ ಕಾರಣವೆಂದು 1883ರಲ್ಲಿ ಪ್ರಕಟಿಸಿದನು.

ರಕ್ತನಾಳದ ಸ್ನಾಯುವಿಗೂ ಇದೇ ನಿಯಮ. ಕ್ಯಾಲ್ಸಿಯಂ ಜೀವಕೋಶದೊಳಗೆ ಹೊಕ್ಕರೆ ಸ್ನಾಯು ಬಿಗಿಯುತ್ತದೆ, ನಾಳ ಕಿರಿದಾಗುತ್ತದೆ, ರಕ್ತದ ಒತ್ತಡ ಏರುತ್ತದೆ. ವೆರಾಪಮಿಲ್ ಎಂಬ ಔಷಧಿಯಿತ್ತರೆ, ಕ್ಯಾಲ್ಸಿಯಂ ತೆಗೆದಾಗ ಆಗುವಂತೆಯೇ ಹೃದಯದ ಸ್ನಾಯು ಸಡಿಲುವುದೆಂದು 1960ರ ದಶಕದಲ್ಲಿ ಜರ್ಮನಿಯ ಆಲ್ಬ್ರೆಖ್ಟ್ ಫ್ಲೆಕನ್‌ಸ್ಟೈನ್ ತೋರಿಸಿದನು.

ಆದರೆ ಒಳಹೊಕ್ಕದ್ದೆಷ್ಟೆಂದು ಅಳೆಯುವುದು ಹೇಗೆ? ಕೋಶದ ಹೊರಗೆ ಅಂಟಿಕೊಂಡದ್ದೇ ಬಹಳ. 1970ರ ದಶಕದ ಸಂಶೋಧಕರು ನಾಳದ ತುಂಡನ್ನು ವಿಕಿರಣ ಸೂಸುವ ಕ್ಯಾಲ್ಸಿಯಂ-45ರಲ್ಲಿ ನೆನೆಸಿ, ಬಳಿಕ ಲ್ಯಾಂಥನಂ ದ್ರವದಲ್ಲಿ ತೊಳೆದರು. ಲ್ಯಾಂಥನಂ ಹೊರಗಿನದನ್ನು ಕಿತ್ತುಹಾಕಿ, ಒಳಗಿನದು ಸೋರದಂತೆ ತಡೆಯಿತು. ಉಳಿದದ್ದೇ ಲೆಕ್ಕ. ಔಷಧಿ ಎಷ್ಟನ್ನು ತಡೆಯಿತೆಂಬುದೂ ಅದರಿಂದಲೇ ತಿಳಿಯಿತು.

ಇಂದು ಒತ್ತಡಕ್ಕೆ ಕೊಡುವ ಅಮ್ಲೋಡಿಪಿನ್ ಗುಳಿಗೆ ಇದೇ ವಂಶದ್ದು. ‘ಕ್ಯಾಲ್ಸಿಯಂ ತಡೆ’ ಎಂಬ ಹೆಸರು ಕೇಳಿ ವಾಚಕರು ಅಂಜಬೇಕಾಗಿಲ್ಲ. ಅದು ಎಲುಬಿನ ಸುಣ್ಣವನ್ನು ಕದಿಯುವುದಿಲ್ಲ. ನಾಳದ ಸ್ನಾಯುವಿನ ಬಾಗಿಲನ್ನು ಓರೆಮಾಡುತ್ತದೆ, ಅಷ್ಟೆ. ಹೆಸರಿಗೆ ಹೆದರಿ ಗುಳಿಗೆಯನ್ನಾಗಲಿ ಹಾಲನ್ನಾಗಲಿ ಬಿಡುವುದು ತರವಲ್ಲ.