ಅರಮನೆಯಿಂದ ಜಾತ್ರೆಗೆ: ಮಲೆನಾಡಿನ ಹೆಬ್ಬಾಗಿಲಲ್ಲಿ ಬ್ಯಾಂಡ್ ಸಂಗೀತ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಗಣಪತಿ ವಿಸರ್ಜನೆಯ ಮೆರವಣಿಗೆ ಸಾಗುವಾಗ ಈ ಸೀಮೆಯ ವಾದ್ಯಗಳೆಲ್ಲ ಒಂದೇ ಬೀದಿಗೆ ಇಳಿಯುತ್ತವೆ. ಡೊಳ್ಳಿನ ತಂಡ, ವೀರಗಾಸೆ, ನಾಗಸ್ವರ-ಡೋಲು, ಕರಾವಳಿಯ ಚೆಂಡೆ, ಇವುಗಳ ನಡುವೆ ಸಮವಸ್ತ್ರ ತೊಟ್ಟ ಬ್ಯಾಂಡ್‌ಸೆಟ್. ಉಳಿದವೆಲ್ಲ ನಮ್ಮವು, ಬ್ಯಾಂಡ್ ಮಾತ್ರ ಬ್ರಿಟಿಷರು ಬಿಟ್ಟುಹೋದದ್ದು ಎಂಬ ಭಾವನೆ ಹಲವರಲ್ಲಿದೆ. ವಾದ್ಯಗಳ ಮಟ್ಟಿಗೆ ಈ ಮಾತು ನಿಜ. ಆದರೆ ಟ್ರಂಪೆಟ್, ಕ್ಲಾರಿಯೋನೆಟ್, ಸ್ಯಾಕ್ಸೋಫೋನ್‌ಗಳು ಅರಮನೆ, ಪೊಲೀಸ್ ಪಡೆ, ದೇವಸ್ಥಾನ, ಮದುವೆ ಮನೆಗಳನ್ನು ಹಾದು ಬರುವಷ್ಟರಲ್ಲಿ ನಮ್ಮ ರಾಗ, ನಮ್ಮ ಹಬ್ಬ, ನಮ್ಮ ನಡಿಗೆಯ ಲಯವನ್ನು ಕಲಿತಿವೆ. ಮಲೆನಾಡಿನ ಜನಪದ, ನಿಸರ್ಗ ಮತ್ತು ಹಬ್ಬಗಳನ್ನೇ ವಸ್ತುವಾಗಿಸಿಕೊಂಡು ಬ್ಯಾಂಡ್‌ಗೆಂದೇ ಸಂಗೀತ ಬರೆಯುವುದು ಈ ನಡಿಗೆಯ ಮುಂದಿನ ಹೆಜ್ಜೆ. ಅದಕ್ಕೆ ಬೇಕಾದದ್ದೆಲ್ಲ ಶಿವಮೊಗ್ಗ, ಭದ್ರಾವತಿಗಳಲ್ಲೇ ಇದೆ.

ಅರಮನೆಯ ಎರಡು ಬ್ಯಾಂಡ್

ಸಂಗೀತದ ಮಟ್ಟಿಗೆ ಹಳೆಯ ಮೈಸೂರು ಸಂಸ್ಥಾನದ ರಾಜಧಾನಿ ಉಳಿದ ಜಿಲ್ಲೆಗಳಿಗೆ ಮಾದರಿಯಾಗಿತ್ತು. ಶಿವಮೊಗ್ಗವೂ ಆ ಸಂಸ್ಥಾನದ ಜಿಲ್ಲೆಯೇ. ಅರಮನೆಯಲ್ಲಿ ಪಾಶ್ಚಾತ್ಯ ಸಂಗೀತ ನುಡಿಸುವ ಇಂಗ್ಲಿಷ್ ಬ್ಯಾಂಡ್ ಒಂದು, ಕೃತಿಗಳನ್ನು ನುಡಿಸುವ ಕರ್ನಾಟಕ ಬ್ಯಾಂಡ್ ಇನ್ನೊಂದು. ಬ್ಯಾಂಡ್ ಎಂಬ ರೂಪವನ್ನು ಸ್ವೀಕರಿಸಿಯೂ ಸ್ವಂತ ಸಂಗೀತವನ್ನು ಬಿಟ್ಟುಕೊಡದ ತಿಳಿವಳಿಕೆ ಈ ಜೋಡಿ ವ್ಯವಸ್ಥೆಯಲ್ಲಿತ್ತು. 1881ರಲ್ಲಿ ಚಾಮರಾಜ ಒಡೆಯರ್ ಪಟ್ಟಕ್ಕೆ ಬಂದ ಕಾಲದ ‘ಕಾಯೌ ಶ್ರೀಗೌರಿ’ ಗೀತೆಯನ್ನು ಬರೆದವರು ಬಸವಪ್ಪ ಶಾಸ್ತ್ರಿಗಳು. ಕನ್ನಡದ ಪ್ರಾರ್ಥನೆಯೊಂದು ಸಂಸ್ಥಾನದ ಗೀತೆಯಾಗಿ ಬ್ಯಾಂಡ್‌ನಲ್ಲಿ ಮೊಳಗಿದ ಉದಾಹರಣೆ ಇದು. ದಸರೆಯ ಖಾಸಗಿ ದರ್ಬಾರಿನಲ್ಲಿ ಇಂದಿಗೂ ಅದನ್ನು ಪೊಲೀಸ್ ಬ್ಯಾಂಡ್ ನುಡಿಸುತ್ತದೆ.

ಇದಕ್ಕೂ ಮೊದಲೇ ದಕ್ಷಿಣದಲ್ಲಿ ಇಂಥ ಕೊಡುಕೊಳೆ ನಡೆದಿತ್ತು. ಬ್ರಿಟಿಷ್ ಬ್ಯಾಂಡ್‌ಗಳ ಮಟ್ಟುಗಳಿಗೆ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತ ಸಾಹಿತ್ಯ ಕೂರಿಸಿ ನೊಟ್ಟುಸ್ವರಗಳನ್ನು ರಚಿಸಿದ್ದರು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಎರಡೂ ಪದ್ಧತಿಯ ವಾದ್ಯಗಳನ್ನು ಸ್ವತಃ ನುಡಿಸುತ್ತಿದ್ದರು. ವೀಣೆ ಶೇಷಣ್ಣನವರ ಕೈಗೆ ವೀಣೆಯಂತೆ ಪಿಯಾನೊ ಕೂಡ ಒಗ್ಗಿತ್ತು. ವೀಣೆ ವೆಂಕಟಗಿರಿಯಪ್ಪನವರು ‘ನಗ್ಮಾ’ ಎಂಬ ಹೊಸ ಬಗೆಯ ವಾದ್ಯರಚನೆಗಳನ್ನು ಮಾಡಿದರು. ಜಯಚಾಮರಾಜ ಒಡೆಯರ್ ಕಾಲದಲ್ಲಿ ಜರ್ಮನಿಯ ಒಟ್ಟೋ ಶ್ಮಿಟ್ ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸಿದರು. ರಷ್ಯಾದ ಸಂಗೀತಕಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರೂ, 1950ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಗೀತೆಗಳ ಮೊದಲ ಪ್ರದರ್ಶನಕ್ಕೆ ಆರ್ಥಿಕ ಬೆಂಬಲವಾಗಿ ನಿಂತವರೂ ಈ ಜಯಚಾಮರಾಜ ಒಡೆಯರೇ. ಅದೇ ದೊರೆ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನೂ ರಚಿಸಿದರು.

ಆದರೆ ಈ ವೈಭವದಲ್ಲಿ ಒಂದು ಕೊರತೆ ಉಳಿಯಿತು. ಅರಮನೆಯ ಬ್ಯಾಂಡ್‌ಗಳು ಶಾಸ್ತ್ರೀಯ ಸಂಗೀತವನ್ನು ಅಪ್ಪಿಕೊಂಡಷ್ಟು ಜನಪದವನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಡೊಳ್ಳು, ತಮಟೆಗಳು ಜಂಬೂಸವಾರಿಯ ಬೀದಿಯಲ್ಲಿದ್ದವು, ಬ್ಯಾಂಡ್‌ನ ಸ್ವರಪುಸ್ತಕದಲ್ಲಿ ಇರಲಿಲ್ಲ.

ಪೊಲೀಸ್ ಬ್ಯಾಂಡ್, ಕಾರ್ಖಾನೆಯ ಊರು

ಸಂಸ್ಥಾನ ಹೋಗಿ ರಾಜ್ಯ ಬಂದಾಗ ಅರಮನೆಯ ಈ ಬಳುವಳಿ ಪೊಲೀಸ್ ಇಲಾಖೆಗೆ ಸೇರಿತು. ಮೈಸೂರಿನ ಪೊಲೀಸ್ ಪಡೆಯಲ್ಲಿ ಇಂದಿಗೂ ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಬ್ಯಾಂಡ್ ಎಂಬ ಎರಡು ತಂಡಗಳಿವೆ. ಜಿಲ್ಲೆಗಳಲ್ಲಿ ಸ್ವಾತಂತ್ರ್ಯೋತ್ಸವ, ಗಣರಾಜ್ಯೋತ್ಸವ, ರಾಜ್ಯೋತ್ಸವಗಳ ಕವಾಯತಿಗೆ ಪೊಲೀಸ್ ಬ್ಯಾಂಡ್ ಇಲ್ಲದೆ ಕಳೆಯಿಲ್ಲ. ಬಹಳ ಜನರಿಗೆ ಟ್ಯೂಬಾ, ಯುಫೋನಿಯಂಗಳಂಥ ವಾದ್ಯಗಳನ್ನು ಕಣ್ಣಾರೆ ನೋಡುವ ಅವಕಾಶ ಸಿಕ್ಕಿದ್ದೇ ಆ ಮೈದಾನಗಳಲ್ಲಿ.

ಭದ್ರಾವತಿಯ ಕಥೆ ಬೇರೆ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಳೆಸಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಕೆಲಸ ಹುಡುಕಿಕೊಂಡು ತಮಿಳರು, ತೆಲುಗರು, ಮಲಯಾಳಿಗಳು, ಉತ್ತರ ಕರ್ನಾಟಕದವರು ಬಂದು ನೆಲೆಸಿದರು. ಅವರೊಂದಿಗೆ ಅವರವರ ಹಬ್ಬಗಳೂ ವಾದ್ಯಗಳೂ ಬಂದವು. ಶಿವಮೊಗ್ಗದ ಗುಡ್ಡೇಕಲ್ ಬಾಲಸುಬ್ರಹ್ಮಣ್ಯ ಸ್ವಾಮಿಯ ಆಡಿಕೃತ್ತಿಕೆ ಜಾತ್ರೆಯಲ್ಲಿ ಕಾವಡಿ ಹೊತ್ತವರ ಹೆಜ್ಜೆಗೆ ಬಡಿಯುವ ವಾದ್ಯಗಳನ್ನು ಕೇಳಿದರೆ ಈ ಸೀಮೆಯ ಹಬ್ಬದ ನಾದ ಒಂದೇ ಭಾಷೆಯ ಸೊತ್ತಲ್ಲ ಎಂಬುದು ತಿಳಿಯುತ್ತದೆ. ಒಂದೇ ಕಾರ್ಖಾನೆಯಲ್ಲಿ ದುಡಿದವರ ಮನೆಗಳಲ್ಲಿ ನಾಲ್ಕು ಬಗೆಯ ಮಂಗಳವಾದ್ಯ ಇದ್ದಾಗ ಬ್ಯಾಂಡ್‌ಸೆಟ್ ಎಲ್ಲರಿಗೂ ಒಪ್ಪಿತವಾದ ಸಾಮಾನ್ಯ ವಾದ್ಯವಾಯಿತು. ಯಾವ ಮನೆಯ ಮದುವೆಗೂ ಅದನ್ನು ಕರೆಸಬಹುದಿತ್ತು, ಯಾವ ಭಾಷೆಯ ಹಾಡನ್ನೂ ಅದರಿಂದ ನುಡಿಸಿಸಬಹುದಿತ್ತು.

ಬ್ಯಾಂಡ್‌ಸೆಟ್ಟಿನ ಕಲಾವಿದರು

ಮದುವೆಯ ದಿಬ್ಬಣ, ಉತ್ಸವ, ರಾಜ್ಯೋತ್ಸವದ ಮೆರವಣಿಗೆಗಳಲ್ಲಿ ನುಡಿಸುವ ಬ್ಯಾಂಡ್‌ಸೆಟ್‌ಗಳನ್ನು ಸಂಗೀತದ ಚರಿತ್ರೆಗಳು ಹೆಚ್ಚಾಗಿ ಬಿಟ್ಟುಬಿಡುತ್ತವೆ. ಇದು ಅನ್ಯಾಯ. ದೇಶದ ಉದ್ದಗಲಕ್ಕೂ ಬ್ಯಾಂಡ್‌ಗಳಿಗೆ ಹಿತ್ತಾಳೆ ವಾದ್ಯ ಒದಗಿಸಿದ ಮೀರತ್ತಿನ ನಾದಿರ್ ಅಲಿ ಕಂಪನಿ 1885ರಷ್ಟು ಹಳೆಯದು. ಆ ವಾದ್ಯಗಳನ್ನು ಹಿಡಿದ ಕಲಾವಿದರಲ್ಲಿ ಬಹುಪಾಲು ಜನ ಸ್ವರಲಿಪಿ ಓದದೆ ಕಿವಿಯಿಂದಲೇ ಕಲಿತವರು. ರೇಡಿಯೊದಲ್ಲಿ, ಸಿನಿಮಾ ಮಂದಿರದಲ್ಲಿ ಕೇಳಿದ ಹಾಡನ್ನು ಟ್ರಂಪೆಟ್‌ಗೆ ತಂದು, ಕ್ಲಾರಿಯೋನೆಟ್‌ಗೆ ಎತ್ತರದ ಸ್ಥಾಯಿ ಕೊಟ್ಟು, ಯುಫೋನಿಯಂಗೆ ಆಧಾರದ ಸಾಲು ಬಿಟ್ಟು, ಸೈಡ್ ಡ್ರಮ್ಮಿಗೆ ಊರಿನ ತಮಟೆಯ ಪೆಟ್ಟು ಕೂಡಿಸುವುದು ಸಣ್ಣ ಕೆಲಸವಲ್ಲ. ಸಂಗೀತ ಶಾಲೆಯಲ್ಲಿ ಇದಕ್ಕೆ ವಾದ್ಯ ಸಂಯೋಜನೆ ಎನ್ನುತ್ತಾರೆ. ಅವರು ಅದನ್ನು ಬೀದಿಯಲ್ಲಿ ನಿಂತು ಮಾಡಿದರು.

ಜನಪದ ಬ್ಯಾಂಡ್ ಒಳಗೆ ಬಂದದ್ದೂ ಸಿನಿಮಾದ ದಾರಿಯಲ್ಲೇ. ಹಂಸಲೇಖ ಅವರಂಥ ಸಂಗೀತ ನಿರ್ದೇಶಕರು ಜನಪದ ಲಯವನ್ನು ಚಿತ್ರಗೀತೆಗೆ ತಂದಾಗ ಆ ಹಾಡುಗಳ ಜೊತೆ ಹಳ್ಳಿಯ ಲಯ ಬ್ಯಾಂಡ್‌ಸೆಟ್ಟಿಗೆ ಇಳಿಯಿತು. 1993ರ ‘ಆಕಸ್ಮಿಕ’ ಚಿತ್ರಕ್ಕೆ ಅವರು ಮಾಡಿದ ನಾಡಹಾಡು ಇಂದು ರಾಜ್ಯೋತ್ಸವದ ಮೆರವಣಿಗೆಗಳ ಖಾಯಂ ಗೀತೆ.

ಸ್ಯಾಕ್ಸೋಫೋನ್ ದೇವಸ್ಥಾನ ಹೊಕ್ಕದ್ದು

ಇಡೀ ಬೆಳವಣಿಗೆಯಲ್ಲಿ ಅತಿ ದೊಡ್ಡ ತಿರುವು ಕದ್ರಿ ಗೋಪಾಲನಾಥರದು. 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ, ನಾಗಸ್ವರ ನುಡಿಸುವ ತನಿಯಪ್ಪನವರ ಮಗನಾಗಿ ಹುಟ್ಟಿದ ಅವರು ಹುಡುಗರಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದರು. ಕೀಲಿಗಳಿರುವ ವಾದ್ಯದಲ್ಲಿ ಗಮಕ ಹೊರಡಿಸುವುದು ಕಷ್ಟ. ನಾಗಸ್ವರದಲ್ಲಿ ಬೆರಳು ರಂಧ್ರದ ಮೇಲೆ ಜಾರುತ್ತ ಸ್ವರದಿಂದ ಸ್ವರಕ್ಕೆ ಹೋಗುತ್ತದೆ, ಇಲ್ಲಿ ನಡುವೆ ಲೋಹದ ಮುಚ್ಚಳವಿದೆ. ಅವರು ವಾದ್ಯವನ್ನು ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡು, ತುಟಿ ಮತ್ತು ಉಸಿರಿನ ಹಿಡಿತದಿಂದ ಆ ತೊಡಕನ್ನು ಗೆದ್ದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವ, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಬಿಬಿಸಿ ಪ್ರಾಮ್ಸ್, 2004ರಲ್ಲಿ ಪದ್ಮಶ್ರೀ. 2019ರಲ್ಲಿ ಅವರು ತೀರಿಕೊಂಡಾಗ ಕರಾವಳಿ ಮತ್ತು ಮಲೆನಾಡಿನ ಮದುವೆ, ದೇವಸ್ಥಾನಗಳಲ್ಲಿ ಸ್ಯಾಕ್ಸೋಫೋನ್ ನಾಗಸ್ವರಕ್ಕೆ ಸರಿಸಮನಾಗಿ ಕೂತಿತ್ತು. ಇಂದು ಶಿವಮೊಗ್ಗದ ಕಲ್ಯಾಣ ಮಂಟಪದಲ್ಲಿ ತಾಳಿ ಕಟ್ಟುವ ಹೊತ್ತಿಗೆ ಸ್ಯಾಕ್ಸೋಫೋನ್ ಮತ್ತು ಡೋಲು ಮೊಳಗಿದರೆ ಯಾರೂ ಬೆರಗಾಗುವುದಿಲ್ಲ. ಬ್ಯಾಂಡ್ ವಾದ್ಯವೊಂದು ಮಂಗಳವಾದ್ಯವಾಗಲು ಒಬ್ಬ ಕಲಾವಿದನ ಒಂದು ಆಯುಷ್ಯ ಸಾಕಾಯಿತು.

ಈ ನೆಲದಲ್ಲಿ ಏನಿದೆ

ಮಲೆನಾಡಿನ ನಾದ ಇನ್ನೂ ಬ್ಯಾಂಡ್‌ಗೆ ಪೂರ್ತಿ ಒದಗಿಲ್ಲ. ಬೀರೇಶ್ವರನ ಆರಾಧನೆಯಿಂದ ಬಂದ ಡೊಳ್ಳು ಕುಣಿತಕ್ಕೆ ಶಿವಮೊಗ್ಗ ಜಿಲ್ಲೆ ಹೆಸರಾದದ್ದು. ಈಗ ಮಹಿಳೆಯರ ತಂಡಗಳೂ ಇವೆ. ನಿಧಾನದಲ್ಲಿ ಶುರುವಾಗಿ ಸುತ್ತು ಸುತ್ತಿಗೆ ಕಾವೇರುವ ಡೊಳ್ಳಿನ ನಡೆ ಬ್ಯಾಂಡ್‌ನ ತಾಳವಾದ್ಯ ವಿಭಾಗಕ್ಕೆ ಹೇಳಿ ಮಾಡಿಸಿದಂತಿದೆ. ಸಂಬಾಳದ ಜೊತೆ ಸಾಗುವ ವೀರಗಾಸೆಯಲ್ಲಿ ಮಾತು, ಮೌನ, ಅಬ್ಬರಗಳ ನಾಟಕೀಯ ಸರದಿಯಿದೆ. ದೀಪಾವಳಿಯ ರಾತ್ರಿಗಳಲ್ಲಿ ದೀಪ ಹಿಡಿದು ಮನೆಮನೆಗೆ ಹೋಗುವ ಅಂಟಿಗೆ-ಪಂಟಿಗೆಯವರ ಹಾಡಿನಲ್ಲಿ ಮುಂದಾಳುಗಳು ಎತ್ತಿದ ಸಾಲನ್ನು ಉಳಿದವರು ಮರುಹಿಡಿಯುತ್ತಾರೆ. ಕ್ಲಾರಿಯೋನೆಟ್ ಎತ್ತಿ ಹಾರ್ನ್‌ಗಳು ಮರುನುಡಿಯಲು ಇದಕ್ಕಿಂತ ಒಳ್ಳೆಯ ಮಾದರಿ ಬೇಡ. ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆ, ಗದ್ದೆಯ ಪೈರಿಗೆ ಪೂಜೆ ಸಲ್ಲಿಸುವ ಭೂಮಿ ಹುಣ್ಣಿಮೆ, ಬಡಗುತಿಟ್ಟಿನ ಯಕ್ಷಗಾನ, ಪ್ರತಿಯೊಂದಕ್ಕೂ ಅದರದೇ ಆದ ನಾದಲೋಕವಿದೆ.

ಇವನ್ನು ವೇದಿಕೆಯ ಸಂಗೀತವಾಗಿ ಮರುಕಟ್ಟುವ ಪಾಠವೂ ಇದೇ ಜಿಲ್ಲೆಯಲ್ಲಿ ಆಗಿದೆ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1949ರಿಂದ ಕೆಲಸ ಮಾಡುತ್ತಿದೆ. ಅದರೊಂದಿಗೆ ಒಡನಾಡಿದ, ಕನ್ನಡ ರಂಗಸಂಗೀತಕ್ಕೆ ಹೊಸ ದಾರಿ ತೋರಿದ ಬಿ.ವಿ. ಕಾರಂತರು ಜನಪದ ಮಟ್ಟು, ಕಂಪನಿ ನಾಟಕದ ಸಂಗೀತ, ಮನೆಬಳಕೆಯ ವಸ್ತುಗಳ ಸದ್ದು ಎಲ್ಲವನ್ನೂ ಒಟ್ಟಿಗೆ ದುಡಿಸಿದರು. ಮಳೆ, ಕಾಡು, ಗಾಳಿಗಳನ್ನು ವಾದ್ಯದಿಂದ ಕೇಳಿಸುವುದು ಹೇಗೆ ಎಂಬುದಕ್ಕೆ ಅವರ ರಂಗಸಂಗೀತವೇ ಪಠ್ಯ.

ಹೊರಗಿನ ಅನುಭವ

ಬೇರೆ ದೇಶಗಳಲ್ಲಿ ಈ ಕೆಲಸ ನೂರು ವರ್ಷದ ಹಿಂದೆಯೇ ಆರಂಭವಾಯಿತು. ಇಂಗ್ಲೆಂಡಿನ ಗುಸ್ತಾವ್ ಹೋಲ್ಸ್ಟ್ 1911ರಲ್ಲಿ ಹ್ಯಾಂಪ್‌ಶೈರಿನ ಜನಪದ ಗೀತೆಗಳಿಂದ ಮಿಲಿಟರಿ ಬ್ಯಾಂಡ್‌ಗೆ ಎರಡನೆಯ ಸೂಟ್ (ಬಿಡಿ ಭಾಗಗಳನ್ನು ಪೋಣಿಸಿದ ಕೃತಿ) ಬರೆದರು. ರಾಲ್ಫ್ ವಾನ್ ವಿಲಿಯಮ್ಸ್ ಅವರ ಇಂಗ್ಲಿಷ್ ಜನಪದ ಗೀತೆಗಳ ಸೂಟ್ ಮೊದಲು ಕೇಳಿಬಂದದ್ದು ಭದ್ರಾವತಿಯ ಕುಲುಮೆ ಹೊತ್ತಿಕೊಂಡ 1923ರಲ್ಲೇ. ಪರ್ಸಿ ಗ್ರೇಂಜರ್ 1905-06ರ ಸುಮಾರಿಗೆ ಲಿಂಕನ್‌ಶೈರಿನ ಹಳ್ಳಿಗರ ಹಾಡುಗಳನ್ನು ಸಂಗ್ರಹಿಸಿದರು. ಧ್ವನಿಮುದ್ರಣ ಯಂತ್ರವನ್ನೂ ಅದಕ್ಕೆ ಬಳಸಿದರು. 1937ರಲ್ಲಿ ಅವನ್ನು ‘ಲಿಂಕನ್‌ಶೈರ್ ಪೋಸಿ’ ಎಂಬ ಬ್ಯಾಂಡ್ ಕೃತಿಯಾಗಿಸಿದಾಗ ಹಾಡುಗಾರರ ತಾಳ ತಪ್ಪಿದಂತಿದ್ದ ನಡೆಗಳನ್ನು ತಿದ್ದಲಿಲ್ಲ. ಪ್ರತಿ ಗಾಯಕರ ಎಳೆತ, ನಿಲುಗಡೆ, ಉಸಿರು ಹಾಗೆಯೇ ಬರವಣಿಗೆಗೆ ಬಂದವು. ಬ್ಯಾಂಡ್ ಸಾಹಿತ್ಯದ ಶ್ರೇಷ್ಠ ಕೃತಿಗಳಲ್ಲಿ ಅದೂ ಒಂದೆಂದು ಇಂದಿಗೂ ಎಣಿಸುತ್ತಾರೆ.

ನಮ್ಮಲ್ಲಿ ಜನಪದ ಗೀತೆಗಳ ಸಾಹಿತ್ಯ ಹೇರಳವಾಗಿ ಅಚ್ಚಾಯಿತು. ಮಟ್ಟನ್ನು ಸ್ವರದಲ್ಲಿ ಬರೆದಿಡುವ ಕೆಲಸ ಅದಕ್ಕೆ ಸಮನಾಗಿ ನಡೆಯಲಿಲ್ಲ. ಬ್ಯಾಂಡ್ ಸಂಯೋಜಕನಿಗೆ ಮೊದಲು ಬೇಕಾದದ್ದೇ ಆ ಮಟ್ಟು.

ದೇಶದ ಮಟ್ಟದಲ್ಲಿ ಗಾಳಿ ಬದಲಾಗಿದೆ. ದೆಹಲಿಯಲ್ಲಿ ಸೇನಾ ಬ್ಯಾಂಡ್‌ಗಳು ನುಡಿಸುವ ಬೀಟಿಂಗ್ ರಿಟ್ರೀಟ್ 2023ರಲ್ಲಿ ಭಾರತೀಯ ರಚನೆಗಳಿಗೇ ಮೀಸಲಾಯಿತು. ಕರ್ನಾಟಕ ಸರ್ಕಾರ 2022ರಲ್ಲಿ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ನಿಗದಿಪಡಿಸಿ, ಎರಡೂವರೆ ನಿಮಿಷದ ಮಿತಿ ಹಾಕಿತು. ತೀರ್ಥಹಳ್ಳಿ ಸೀಮೆಯ ಕುವೆಂಪು ಅವರ ಕವಿತೆಗೆ ಒಂದು ಖಚಿತ ಮಟ್ಟು, ಒಂದು ಖಚಿತ ಅವಧಿ ದೊರೆತದ್ದರಿಂದ ಬ್ಯಾಂಡ್‌ಗಳಿಗೂ ಒಂದೇ ಪಾಠ ಸಿಕ್ಕಂತಾಯಿತು.

ಮುಂದೆ ಆಗಬೇಕಾದದ್ದು

ಬ್ಯಾಂಡ್‌ಸೆಟ್‌ಗಳ ಸ್ಥಿತಿ ಈಗ ಬಿಗಿಯಾಗಿದೆ. ಮೆರವಣಿಗೆಗಳಲ್ಲಿ ಡಿ.ಜೆ. ಅವುಗಳ ಜಾಗ ಹಿಡಿದಿದೆ. ಮದುವೆಯ ಹಂಗಾಮು ಮುಗಿದರೆ ಕಲಾವಿದರಿಗೆ ಬೇರೆ ಕೂಲಿಯೇ ಗತಿ. ಕುಳಿತು ಕೇಳುವ ಕಛೇರಿಯ ಸಂಗೀತವಾಗಿ ಬ್ಯಾಂಡ್ ಬೆಳೆದರೆ ಮಾತ್ರ ಅದಕ್ಕೆ ಮೆರವಣಿಗೆಯ ಆಚೆಗೂ ಬದುಕಿದೆ.

ಅದಕ್ಕೆ ಬೇಕಾದವರು ನಲವತ್ತು-ಐವತ್ತು ಕಿಲೋಮೀಟರ್ ಫಾಸಲೆಯಲ್ಲೇ ಇದ್ದಾರೆ. 1965ರಿಂದ ಈ ಸೀಮೆಯ ಕಲಾವಿದರನ್ನು ಕೇಳಿಸುತ್ತ ಬಂದ ಭದ್ರಾವತಿ ಆಕಾಶವಾಣಿಯಿದೆ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಪೊಲೀಸ್ ಬ್ಯಾಂಡ್‌ನಲ್ಲಿ ಸ್ವರಲಿಪಿ ಓದಬಲ್ಲ ವಾದಕರಿದ್ದಾರೆ, ಬ್ಯಾಂಡ್‌ಸೆಟ್‌ಗಳಲ್ಲಿ ಕಿವಿ ಪಳಗಿದ ಹಿರಿಯರಿದ್ದಾರೆ. ಜನಪದ ಕಲಾವಿದರನ್ನು ಮೊದಲು ಧ್ವನಿಮುದ್ರಿಸಿ, ಮಟ್ಟುಗಳನ್ನು ಬರೆಸಿ, ಹಾಡು ಕೊಟ್ಟವರ ಹೆಸರು ಮತ್ತು ಸಂಭಾವನೆಯನ್ನು ದಾಖಲಿಸಿ, ಆಮೇಲೆ ಸಂಯೋಜಕರ ಕೈಗೆ ಒಪ್ಪಿಸಬೇಕು. ಶ್ರುತಿ ಹಿಡಿದು ಒಂದೇ ಎಳೆಯಲ್ಲಿ ಸಾಗುವ ರಾಗದ ಮೇಲೆ ಪಾಶ್ಚಾತ್ಯ ಹಾರ್ಮನಿಯನ್ನು ಹೇರದೆ, ಯುಫೋನಿಯಂ, ಟ್ಯೂಬಾಗಳಿಂದ ಶ್ರುತಿ ಎಳೆಸಿ, ತಾಳಕ್ಕೆ ನಿಜವಾದ ಡೊಳ್ಳನ್ನೇ ಕೂರಿಸಬೇಕು.

ವಸ್ತುವಿಗೆ ಹುಡುಕಾಟ ಬೇಡ. ಜೆಕ್ ಸಂಗೀತಕಾರ ಸ್ಮೆಟಾನಾ 1874ರಲ್ಲಿ ತನ್ನ ನಾಡಿನ ವ್ಲ್ತಾವಾ ನದಿಯನ್ನು ವಾದ್ಯವೃಂದದಲ್ಲಿ ಹರಿಸಿದಾಗ ಎರಡು ಸಣ್ಣ ತೊರೆಗಳು ಕೂಡುವಲ್ಲಿಂದ ಆರಂಭಿಸಿದ. ನಮ್ಮಲ್ಲಿ ಗಂಗಾಮೂಲದಲ್ಲಿ ಒಟ್ಟಿಗೆ ಹುಟ್ಟಿದ ತುಂಗೆ ಶಿವಮೊಗ್ಗವನ್ನೂ ಭದ್ರೆ ಭದ್ರಾವತಿಯನ್ನೂ ಹಾದು ಕೂಡಲಿಯಲ್ಲಿ ಸೇರುತ್ತವೆ. ಒಂದರ ದಾರಿಯಲ್ಲಿ ಶೃಂಗೇರಿಯ ಘಂಟೆ, ಇನ್ನೊಂದರ ದಾರಿಯಲ್ಲಿ ಕಾರ್ಖಾನೆಯ ಸೈರನ್, ಎರಡರ ದಡಗಳಲ್ಲೂ ಡೊಳ್ಳು. ಶಿವಮೊಗ್ಗ ದಸರಾ ಸಮಿತಿ, ಮಹಾನಗರ ಪಾಲಿಕೆ, ವಿಶ್ವವಿದ್ಯಾಲಯ ಮತ್ತು ಪೊಲೀಸ್ ಇಲಾಖೆ ಜೊತೆಗೂಡಿ ವರ್ಷಕ್ಕೆ ಒಂದಾದರೂ ಹೊಸ ಬ್ಯಾಂಡ್ ಕೃತಿಯನ್ನು ಬರೆಸಲಿ, ದಸರೆಯ ವೇದಿಕೆಯಲ್ಲಿ ಅದನ್ನು ನುಡಿಸಲಿ. ಮೊದಲ ಕೃತಿ ಈ ಎರಡು ನದಿಗಳದ್ದಾಗಲಿ.