ಗಡಿಯ ಒಡ್ಡು ಮತ್ತು ಒಂದು ಚಿನ್ನದ ನಾಣ್ಯ

ವಿದ್ಯಾರ್ಥಿ ಮಿತ್ರರೇ, ಉನ್ನತ ವ್ಯಾಸಂಗಕ್ಕೆಂದು ನಿಮ್ಮಲ್ಲಿ ಯಾರಾದರೂ ಬ್ರಿಟನ್ನಿಗೆ ಹೋದರೆ ಲಂಡನ್ ನೋಡಿ ಮರಳಬೇಡಿ. ಇಂಗ್ಲೆಂಡ್ ಮತ್ತು ವೇಲ್ಸ್ ನಡುವಣ ಗಡಿನಾಡಿಗೂ ಒಮ್ಮೆ ಹೋಗಿ ಬನ್ನಿ.

ಅದರ ದಕ್ಷಿಣ ತುದಿಯಲ್ಲಿ ಚೆಪ್‌ಸ್ಟೋ ಎಂಬ ಊರಿದೆ. 1067ರಲ್ಲಿ ಕಟ್ಟಲು ಆರಂಭಿಸಿದ ಕೋಟೆ ವೈ ನದಿಯ ದಡದ ಬಂಡೆಯ ಮೇಲೆ ಇಂದಿಗೂ ನಿಂತಿದೆ. ನದಿಯ ಗುಂಟ ಮೇಲಕ್ಕೆ ಸಾಗಿದರೆ ದಟ್ಟ ಕಾಡಿನ ಕಣಿವೆ. ಅಲ್ಲಿ 1131ರಲ್ಲಿ ಸ್ಥಾಪನೆಯಾದ ಟಿಂಟರ್ನ್ ಕ್ರೈಸ್ತ ಮಠದ ಚಾವಣಿಯಿಲ್ಲದ ಗೋಡೆಗಳನ್ನು ಕಾಣುವಿರಿ. ಚೆಪ್‌ಸ್ಟೋ ಸಮೀಪದಿಂದ ಉತ್ತರದ ಕಡಲತೀರದ ಪ್ರೆಸ್ಟಾಟಿನ್‌ವರೆಗೆ 285 ಕಿಲೋಮೀಟರ್ ಉದ್ದದ ಕಾಲುದಾರಿಯಿದೆ. ಇದು 1971ರಲ್ಲಿ ತೆರೆಯಿತು.

ಈ ದಾರಿಗೆ ಹೆಸರು ಕೊಟ್ಟವನು ಮರ್ಸಿಯಾ ರಾಜ್ಯದ ದೊರೆ ಆಫಾ. 757ರಿಂದ 796ರವರೆಗೆ ಆಳಿದ ಈತ ವೇಲ್ಸ್ ಕಡೆಯ ಗಡಿಯಲ್ಲಿ ಉದ್ದಕ್ಕೂ ಮಣ್ಣಿನ ಒಡ್ಡು ಹಾಕಿಸಿದನೆಂದು ಪ್ರತೀತಿ. ದಾರಿ ಹಲವೆಡೆ ಈ ಒಡ್ಡಿನ ಪಕ್ಕದಲ್ಲೇ ಸಾಗುತ್ತದೆ. ಅಲ್ಲಿ ಸ್ವಲ್ಪ ನಿಂತು ಗಮನಿಸಿ: ಕಂದಕ ಇರುವುದು ಪಶ್ಚಿಮಕ್ಕೆ, ಅಂದರೆ ವೇಲ್ಸ್ ಕಡೆಗೆ. ಕಟ್ಟಿದವರು ಯಾವ ಕಡೆಯವರು, ಯಾರನ್ನು ತಡೆಯಲು ಕಟ್ಟಿದರು ಎಂಬುದನ್ನು ಮಣ್ಣೇ ಹೇಳುತ್ತದೆ.

ಇದೇ ಆಫಾನ ಒಂದು ಚಿನ್ನದ ನಾಣ್ಯ ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಅದರ ಮೇಲಿರುವುದು ಅರಬಿ ಲಿಪಿ! ಅಬ್ಬಾಸಿ ಖಲೀಫ ಅಲ್ ಮನ್ಸೂರರ ಹಿಜರಿ 157ರ ದೀನಾರಿನ ನಕಲು ಅದು. ಕಲಿಮಾದ ಪದಗಳ ನಡುವೆ ಲ್ಯಾಟಿನ್ನಿನಲ್ಲಿ 'ದೊರೆ ಆಫಾ' ಎಂದು ಕೆತ್ತಲಾಗಿದೆ.

ಹಾಗಾದರೆ ಆಫಾ ಇಸ್ಲಾಮ್ ಸ್ವೀಕರಿಸಿದ್ದನೇ? ಕೇಳಲು ನಮಗೆ ಹಿತವಾದ ಮಾತು. ಹಾಗೆ ಊಹಿಸಿದವರೂ ಇದ್ದಾರೆ. ಆದರೆ ನಾಣ್ಯವನ್ನು ಇನ್ನೊಮ್ಮೆ ನೋಡಿ. ಅರಬಿ ಅಕ್ಷರಗಳಲ್ಲಿ ತಪ್ಪುಗಳಿವೆ. ದೊರೆಯ ಹೆಸರು ಅರಬಿ ಸಾಲುಗಳಿಗೆ ತಲೆಕೆಳಗಾಗಿದೆ. ಕೆತ್ತಿದವನಿಗೆ ಆ ಲಿಪಿ ಓದಲು ಬರುತ್ತಿರಲಿಲ್ಲ. ಮೇಲಾಗಿ, 786ರಲ್ಲಿ ಪೋಪರ ಪ್ರತಿನಿಧಿಗಳು ಆಫಾನ ಆಸ್ಥಾನಕ್ಕೆ ಬಂದ ದಾಖಲೆಯಿದೆ; ಆತ ಕ್ರೈಸ್ತ ದೊರೆಯಾಗಿಯೇ ಆಳಿದವನು. ಬಗ್ದಾದಿನ ದೀನಾರಿನ ಮೇಲೆ ದೂರದ ಪೇಟೆಗಳಲ್ಲೂ ವ್ಯಾಪಾರಿಗಳಿಗೆ ಅಷ್ಟು ನಂಬಿಕೆಯಿತ್ತು ಎಂಬುದೇ ಈ ನಕಲಿಗೆ ಒಪ್ಪುವ ವಿವರಣೆ.

ಅದೇನೂ ಸಣ್ಣ ಗೌರವವಲ್ಲ. ಇಲ್ಲದ್ದನ್ನು ಸೇರಿಸಿ ಅದನ್ನು ದೊಡ್ಡದು ಮಾಡಬೇಕಾಗಿಯೂ ಇಲ್ಲ. ನಮ್ಮ ಹಿರಿಯರ ಚರಿತ್ರೆಯನ್ನು ನಾವು ಅಭಿಮಾನದಿಂದ ಓದುತ್ತೇವೆ, ಓದಲೇಬೇಕು. ಆದರೆ ಹಿತವಾದ ಮಾತು ಕಿವಿಗೆ ಬಿದ್ದಾಗಲೇ ಸಾಕ್ಷ್ಯವನ್ನು ಎರಡು ಸಲ ನೋಡುವ ಅಭ್ಯಾಸ ಬೆಳೆಸಿಕೊಳ್ಳಿ. ಆ ನಾಣ್ಯ ಕೆತ್ತಿದವನು ಓದದೆಯೇ ನಕಲು ಮಾಡಿದ. ಓದು ಕಲಿತ ನಾವು ಹಾಗೆ ಮಾಡಬಾರದಲ್ಲವೇ?